ದಡಾರವನ್ನು ಬಚ್ಚಿಡಬೇಡಿ



ನಿಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಪೂರ್ಣ ಹಾಜರಾತಿಗೆ ಬಹುಮಾನ ಕೊಡುವ ಪದ್ಧತಿ ಇದೆಯೇ? ಇದ್ದರೆ ಆ ಬಹುಮಾನದ ಬಗ್ಗೆ ನನ್ನದೊಂದು ತಕರಾರಿದೆ. ದಿನ ತಪ್ಪಿಸದೆ ಶಾಲೆಗೆ ಬರುವುದು ಒಳ್ಳೆಯ ಅಭ್ಯಾಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜ್ವರ ಬಂದ ದಿನವೂ ಬಂದವನಿಗೆ ಸ್ಟೀಲಿನ ತಟ್ಟೆ ಕೊಟ್ಟು ಚಪ್ಪಾಳೆ ತಟ್ಟುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ನನ್ನದೇ ತಪ್ಪಿನಿಂದ ಕಲಿತೆ.

2008ರ ಮಾತು. ನಾನು ಕಾರ್ಕಳ ತಾಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಆರನೆಯ ತರಗತಿಯ ಒಬ್ಬ ಹುಡುಗ ಸೋಮವಾರ ಬರುವಾಗಲೇ ಮೂಗು ಸೋರುತ್ತಿತ್ತು, ಕಣ್ಣು ಕೆಂಪಾಗಿತ್ತು, ಮೈ ಬಿಸಿಯಿತ್ತು. ‘ಎಂತ ಆಯ್ತೋ?’ ಎಂದು ಕೇಳಿದೆ. ‘ಶೀತ ಟೀಚರೇ, ರಜೆ ಹಾಕಿದ್ರೆ ಬಹುಮಾನ ಸಿಗ್ಲಿಕ್ಕಿಲ್ಲ’ ಎಂದ. ನಾನು ಅವನನ್ನು ಮನೆಗೆ ಕಳುಹಿಸಬೇಕಿತ್ತು. ಅದರ ಬದಲು ಇಡೀ ತರಗತಿಯ ಎದುರು, ‘ಭೇಷ್! ನೋಡಿ, ಜ್ವರ ಇದ್ದರೂ ಬಂದಿದ್ದಾನೆ’ ಎಂದು ಹೊಗಳಿದೆ. ಮಂಗಳವಾರವೂ ಬಂದ, ಬುಧವಾರವೂ ಬಂದ.

ಆ ಬುಧವಾರ ಮಧ್ಯಾಹ್ನ ಪೋಷಕರ ಸಭೆಯಿತ್ತು. ಮಕ್ಕಳನ್ನೆಲ್ಲ ಮೈದಾನಕ್ಕೆ ಕಳುಹಿಸಿ ಅದೇ ಕೋಣೆಯಲ್ಲಿ ತಾಯಂದಿರನ್ನು ಕೂರಿಸಿದೆವು. ಮೈದಾನದ ಗಲಾಟೆ ಕೇಳಬಾರದೆಂದು ಕಿಟಕಿ ಮುಚ್ಚಿದೆವು. ಒಬ್ಬ ತಾಯಿಯ ತೊಡೆಯ ಮೇಲೆ ಏಳು ತಿಂಗಳ ಹೆಣ್ಣು ಮಗು ಮಲಗಿತ್ತು. ಆ ಮಗು ನಮ್ಮ ಹುಡುಗನ ಮುಖವನ್ನೇ ನೋಡಿರಲಿಲ್ಲ.

ಗುರುವಾರ ಹುಡುಗನ ಮುಖದಲ್ಲಿ ಕೆಂಪು ದದ್ದು ಎದ್ದವು. ಮನೆಯವರಿಗೆ ಅದು ದಡಾರವೆಂದು ಗೊತ್ತಾಯಿತು. ಆದರೆ ಶಾಲೆಗೆ ‘ಹೊಟ್ಟೆನೋವು’ ಎಂದು ಹೇಳಿ ಕಳುಹಿಸಿದರು. ನಾವೂ ಹೆಚ್ಚು ವಿಚಾರಿಸಲಿಲ್ಲ. ಸಭೆ ನಡೆದ ಹತ್ತನೆಯ ದಿನಕ್ಕೆ ಆ ಪುಟ್ಟ ಮಗುವಿಗೆ ಜ್ವರ ಬಂತು. ಹದಿನಾಲ್ಕನೆಯ ದಿನ ದದ್ದು ಎದ್ದವು. ಮತ್ತೆರಡು ದಿನಕ್ಕೆ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿತು. ಹನ್ನೆರಡು ದಿನ ಅಲ್ಲೇ ಇತ್ತು. ಬದುಕಿತು. ದೊಡ್ಡ ಮಗಳ ರಜಾ ಚೀಟಿ ಹಿಡಿದುಕೊಂಡು ಬಂದ ತಾಯಿ ನನ್ನೊಡನೆ ಕೇಳಿದ್ದು ಒಂದೇ ಪ್ರಶ್ನೆ: ‘ಡಾಕ್ಟ್ರು ಕೇಳಿದ್ರು, ಮಗುವನ್ನು ಎಲ್ಲಿಗಾದ್ರೂ ಕರ್ಕೊಂಡು ಹೋಗಿದ್ರಾ ಅಂತ. ನಾನು ಶಾಲೆಗೆ ಬಿಟ್ರೆ ಎಲ್ಲಿಗೂ ಹೋಗ್ಲಿಲ್ಲ ಟೀಚರೇ. ಶಾಲೆಯಲ್ಲಿ ಯಾರಿಗಾದ್ರೂ ಇತ್ತಾ?’

ನನ್ನಲ್ಲಿ ಉತ್ತರ ಇರಲಿಲ್ಲ. ಆ ಮೇಲೆ ಹುಡುಗನ ಮನೆಗೆ ಹೋಗಿ ವಿಚಾರಿಸಿ, ಕ್ಯಾಲೆಂಡರ್ ಇಟ್ಟುಕೊಂಡು ದಿನ ಎಣಿಸಿದೆ. ಲೆಕ್ಕ ಸರಿಯಾಗಿ ಕೂತಿತು.

ನಾನು ಎಂಎಸ್‌ಸಿ ಓದಿದವಳು, ವೈದ್ಯಳಲ್ಲ. ಆದರೆ ಈ ಲೆಕ್ಕ ಹಾಕಲು ವೈದ್ಯರೇ ಆಗಬೇಕಿಲ್ಲ, ನೀವೂ ಹಾಕಬಹುದು. ಮೊದಲು ರೋಗದ ವಿಷಯ ಸ್ವಲ್ಪ ತಿಳಿದುಕೊಳ್ಳೋಣ.

ದಡಾರ ಬರುವುದು ಒಂದು ವೈರಸ್‌ನಿಂದ. ರೋಗಿ ಕೆಮ್ಮಿದಾಗ, ಸೀನಿದಾಗ, ಬರಿದೇ ಉಸಿರು ಬಿಟ್ಟಾಗಲೂ ವೈರಸ್ ಇರುವ ಅತಿ ಸಣ್ಣ ಹನಿಗಳು ಗಾಳಿಗೆ ಸೇರುತ್ತವೆ. ಗಾಳಿಯಾಡದ ಕೋಣೆಯಲ್ಲಿ ರೋಗಿ ಎದ್ದು ಹೋದ ಮೇಲೂ ಎರಡು ಗಂಟೆಯವರೆಗೆ ಅವು ತೇಲುತ್ತಾ ಇರಬಲ್ಲವು. ಊದಿನಕಡ್ಡಿ ಉರಿದು ಮುಗಿದ ಮೇಲೂ ದೇವರ ಕೋಣೆಯಲ್ಲಿ ವಾಸನೆ ಉಳಿಯುತ್ತದಲ್ಲ, ಹಾಗೆ. ನಮ್ಮ ಸಭೆಯ ಕೋಣೆಯಲ್ಲಿ ಆದದ್ದು ಇದೇ. ರೋಗನಿರೋಧಕ ಶಕ್ತಿ ಇಲ್ಲದ ಹತ್ತು ಮಂದಿ ದಡಾರದ ರೋಗಿಯ ಹತ್ತಿರ ಇದ್ದರೆ ಸುಮಾರು ಒಂಬತ್ತು ಮಂದಿಗೆ ರೋಗ ಹಿಡಿಯುತ್ತದೆ. 2020ರಲ್ಲಿ ಕೋವಿಡ್ ಬಂದಾಗ ಶಾಲೆಗಳೇ ಮುಚ್ಚಿದ್ದು ನಿಮಗೆ ನೆನಪಿರಬಹುದು. ಆರಂಭದ ಕೋವಿಡ್ ವೈರಸ್ ಒಬ್ಬರಿಂದ ಎರಡು ಮೂರು ಜನರಿಗೆ ಹರಡುತ್ತಿತ್ತು. ಯಾರಿಗೂ ರಕ್ಷಣೆ ಇಲ್ಲದ ಊರಿನಲ್ಲಿ ದಡಾರ ಒಬ್ಬರಿಂದ ಹನ್ನೆರಡರಿಂದ ಹದಿನೆಂಟು ಜನರಿಗೆ ಹರಡುತ್ತದೆ!

ವೈರಸ್ ದೇಹ ಸೇರಿದ ಕೂಡಲೇ ಏನೂ ತಿಳಿಯುವುದಿಲ್ಲ. ಸುಮಾರು ಹತ್ತು ದಿನ ಮಗು ಆಡಿಕೊಂಡೇ ಇರುತ್ತದೆ. ಆಮೇಲೆ ಜ್ವರ, ಕೆಮ್ಮು, ಮೂಗು ಸೋರುವುದು, ಕಣ್ಣು ಕೆಂಪಾಗಿ ನೀರೂರುವುದು. ಕೆಲವರ ಕೆನ್ನೆಯ ಒಳಗೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು ಕಾಣುತ್ತವೆ. ನ್ಯೂಯಾರ್ಕಿನ ಮಕ್ಕಳ ವೈದ್ಯ ಹೆನ್ರಿ ಕೊಪ್ಲಿಕ್ 1896ರಲ್ಲಿ ಇವುಗಳ ಬಗ್ಗೆ ಬರೆದದ್ದರಿಂದ ಅವಕ್ಕೆ ಕೊಪ್ಲಿಕ್ ಚುಕ್ಕೆಗಳೆಂದೇ ಹೆಸರು. ಮೂರು ನಾಲ್ಕು ದಿನಗಳ ಬಳಿಕ ಕಿವಿಯ ಹಿಂದೆ, ಹಣೆಯಲ್ಲಿ ಕೆಂಪು ದದ್ದು ಶುರುವಾಗಿ ಮುಖ, ಎದೆ, ಹೊಟ್ಟೆ, ಕೈಕಾಲು ಎಂದು ಮೇಲಿನಿಂದ ಕೆಳಗೆ ಇಳಿಯುತ್ತವೆ. ನೀರು ತುಂಬಿದ ಗುಳ್ಳೆಗಳಿದ್ದರೆ ಅದು ಹೆಚ್ಚಾಗಿ ಸೀತಾಳೆ ಸಿಡುಬು, ಬೇರೆ ರೋಗ. ನಮ್ಮ ಹಿರಿಯರು ಎರಡಕ್ಕೂ ‘ಅಮ್ಮ ಬಂದಿದೆ’ ಎನ್ನುವುದುಂಟು.

ಈಗ ಮುಖ್ಯವಾದ ಮಾತಿಗೆ ಗಮನ ಕೊಡಿ. ದದ್ದು ಏಳುವ ನಾಲ್ಕು ದಿನ ಮೊದಲಿನಿಂದಲೇ ರೋಗಿ ವೈರಸ್ ಹರಡುತ್ತಾನೆ. ದದ್ದು ಎದ್ದ ನಾಲ್ಕು ದಿನಗಳ ವರೆಗೂ ಹರಡುತ್ತಾನೆ. ಅಂದರೆ ಅದು ದಡಾರವೆಂದು ಮನೆಯವರಿಗೆ ತಿಳಿಯುವ ಹೊತ್ತಿಗೆ ಹರಡುವ ಕಾಲದ ಅರ್ಧ ಮುಗಿದೇ ಹೋಗಿರುತ್ತದೆ. ಆ ಅರ್ಧ ಕಾಲದಲ್ಲಿ ಅವನು ಎಲ್ಲೆಲ್ಲಿ ಇದ್ದ, ಯಾರೊಡನೆ ಇದ್ದ ಎಂಬುದನ್ನು ಹೇಳಬಲ್ಲವರು ಅವನು ಮತ್ತು ಅವನ ಮನೆಯವರು ಮಾತ್ರ. ಅವರು ಬಾಯಿ ಮುಚ್ಚಿಕೊಂಡರೆ ಯಾವ ಡಾಕ್ಟರಿಗೂ ಗೊತ್ತಾಗುವುದಿಲ್ಲ.

ಈ ದಿನಗಳ ಲೆಕ್ಕವನ್ನು ಮೊದಲು ಕಂಡುಹಿಡಿದವರು ಯಾರು ಗೊತ್ತೇ? ಪೀಟರ್ ಪಾನುಮ್ ಎಂಬ ಡೆನ್ಮಾರ್ಕಿನ ತರುಣ ವೈದ್ಯ. ಅಟ್ಲಾಂಟಿಕ್ ಸಾಗರದ ಉತ್ತರದಲ್ಲಿ ಫಾರೋ ಎಂಬ ದ್ವೀಪಗಳಿವೆ. ಅಲ್ಲಿ 1781ರಲ್ಲಿ ದಡಾರ ಬಂದು ಹೋಗಿತ್ತು. ಆಮೇಲೆ 65 ವರ್ಷ ಅದರ ಸುಳಿವೇ ಇರಲಿಲ್ಲ. 1846ರ ಮಾರ್ಚ್ ತಿಂಗಳಿನಲ್ಲಿ ಕೋಪನ್‌ಹೇಗನ್ ನಗರದಿಂದ ಹಡಗಿನಲ್ಲಿ ಒಬ್ಬ ಬಡಗಿ ಬಂದಿಳಿದ. ಇಳಿಯುವಾಗ ಗಟ್ಟಿಮುಟ್ಟಾಗಿಯೇ ಇದ್ದ. ಕೆಲವು ದಿನಗಳ ಬಳಿಕ ದಡಾರ ಎದ್ದಿತು. ದ್ವೀಪಗಳಲ್ಲಿ ಇದ್ದ ಜನ ಸುಮಾರು 7,800. ಆರು ತಿಂಗಳೊಳಗೆ ಅವರಲ್ಲಿ ಸುಮಾರು 6,000 ಮಂದಿ ಮಲಗಿದರು! ಮಕ್ಕಳಷ್ಟೇ ಅಲ್ಲ, ಐವತ್ತು ಅರುವತ್ತು ವರ್ಷದವರೂ ಮಲಗಿದರು. ಆದರೆ 1781ರಲ್ಲಿ ದಡಾರ ಬಂದು ಹೋಗಿದ್ದ ಮುದುಕರಲ್ಲಿ ಒಬ್ಬರಿಗೂ ಮತ್ತೆ ಬರಲಿಲ್ಲ. ಒಮ್ಮೆ ಬಂದರೆ ಜೀವಮಾನವಿಡೀ ರಕ್ಷಣೆ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಸರಕಾರ ಪಾನುಮ್‌ನನ್ನು ಅಲ್ಲಿಗೆ ಕಳುಹಿಸಿತು. ಆಗ ಅವನಿಗೆ 25 ವರ್ಷ. ವೈರಸ್ ಎಂಬ ಒಂದು ವಸ್ತು ಇದೆಯೆಂದೇ ಆ ಕಾಲದಲ್ಲಿ ಯಾರಿಗೂ ತಿಳಿದಿರಲಿಲ್ಲ. ಅವನು ದೋಣಿಯಲ್ಲಿ ಹಳ್ಳಿ ಹಳ್ಳಿ ಸುತ್ತಿ ಜನರನ್ನು ಕೇಳಿದ್ದು ಇಷ್ಟೇ: ದದ್ದು ಎದ್ದದ್ದು ಯಾವ ದಿನ? ಅದಕ್ಕೆ ಮೊದಲು ನೀವು ಎಲ್ಲಿಗೆ ಹೋಗಿದ್ದಿರಿ? ಒಂದು ಹಳ್ಳಿಯ ಹತ್ತು ಗಂಡಸರು ಒಂದೇ ದೋಣಿಯಲ್ಲಿ ವೆಸ್ಟ್‌ಮನ್ನಾ ಎಂಬಲ್ಲಿಗೆ ತಿಮಿಂಗಿಲದ ಬೇಟೆಗೆ ಹೋಗಿದ್ದರು. ಅದು ಜೂನ್ 4. ಆ ಹತ್ತು ಮಂದಿಗೂ ದದ್ದು ಎದ್ದದ್ದು ಜೂನ್ 18ರಂದು, ಒಂದೇ ದಿನ! ಬೇಟೆಯಲ್ಲಿ ಸೇರಿದ್ದ ಗುಂಪಿನಿಂದ ರೋಗ ಅಂಟಿ ಸರಿಯಾಗಿ ಹದಿನಾಲ್ಕು ದಿನಕ್ಕೆ ದದ್ದು ಕಾಣಿಸಿದೆ ಎಂದು ಪಾನುಮ್ ಬರೆದಿಟ್ಟ. ಇಂಥ ಲೆಕ್ಕಗಳು ಒಂದರ ಮೇಲೊಂದು ಕೂಡಿ ಬಂದವು.

ಕಾಪು, ಮಲ್ಪೆ ಕಡೆಯ ಮಕ್ಕಳಿಗೆ ಈ ಬೇಟೆಯ ಚಿತ್ರ ಸುಲಭವಾಗಿ ಕಣ್ಣಿಗೆ ಕಟ್ಟೀತು. ಕೈರಂಪಣಿ ಬಲೆ ಎಳೆಯುವಾಗ ಊರಿಗೆ ಊರೇ ಕಡಲ ದಡದಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವುದಿಲ್ಲವೇ? ಅಂಥದ್ದೇ ಒಂದು ದಿನ ಅದು. ಸೂಕ್ಷ್ಮದರ್ಶಕವಿಲ್ಲ, ಪ್ರಯೋಗಾಲಯವಿಲ್ಲ. ಪಾನುಮ್‌ನ ಕೈಯಲ್ಲಿದ್ದ ಉಪಕರಣ ಎಂದರೆ ಕ್ಯಾಲೆಂಡರ್ ಮತ್ತು ಜನ ಹೇಳಿದ ಸತ್ಯ. ಆ ಹತ್ತು ಮಂದಿ ‘ನಾವೆಲ್ಲಿಗೂ ಹೋಗಿಲ್ಲ ಮಾರಾಯ್ರೆ’ ಎಂದು ಸುಳ್ಳು ಹೇಳಿದ್ದರೆ ಈ ಹದಿನಾಲ್ಕು ದಿನಗಳ ಲೆಕ್ಕ ನಮಗೆ ಸಿಗುತ್ತಿತ್ತೇ?

ವೈರಸ್ ಕೈಗೆ ಸಿಕ್ಕಿದ್ದು ಆಮೇಲೆ ನೂರಕ್ಕೂ ಹೆಚ್ಚು ವರ್ಷ ಕಳೆದು, ಅದೂ ಒಂದು ಶಾಲೆಯಲ್ಲಿ. 1954ರಲ್ಲಿ ಅಮೆರಿಕದ ಬಾಸ್ಟನ್ ಸಮೀಪದ ಒಂದು ವಸತಿ ಶಾಲೆಯಲ್ಲಿ ದಡಾರ ಎದ್ದಿತು. ಶಾಲೆಯವರು ಅದನ್ನು ಮುಚ್ಚಿಡಲಿಲ್ಲ. ಜಾನ್ ಎಂಡರ್ಸ್ ಎಂಬ ವಿಜ್ಞಾನಿಯ ಬಳಿ ಕೆಲಸ ಮಾಡುತ್ತಿದ್ದ ಥಾಮಸ್ ಪೀಬಲ್ಸ್ ಅಲ್ಲಿಗೆ ಹೋಗಿ ಹುಡುಗರ ರಕ್ತ ಮತ್ತು ಗಂಟಲ ದ್ರವವನ್ನು ಸಂಗ್ರಹಿಸಿದರು. ಡೇವಿಡ್ ಎಡ್ಮನ್‌ಸ್ಟನ್ ಎಂಬ ಬಾಲಕನ ಮಾದರಿಯಿಂದ ವೈರಸ್ ಸಿಕ್ಕಿತು. ಅದನ್ನು ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಬೆಳೆಸಿ ಶಕ್ತಿಗುಂದಿಸಿ 1963ರಲ್ಲಿ ಲಸಿಕೆ ತಯಾರಿಸಿದರು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸುವ ದಡಾರದ ಲಸಿಕೆಯ ತಳಿಗೆ ಇಂದಿಗೂ ‘ಎಡ್ಮನ್‌ಸ್ಟನ್-ಝಾಗ್ರೆಬ್’ ಎಂದೇ ಹೆಸರು. ನಿಮ್ಮಂಥ ಒಬ್ಬ ಶಾಲಾ ಬಾಲಕನ ಹೆಸರು ನಮ್ಮ ಅಂಗನವಾಡಿಗಳ ಲಸಿಕೆಯವರೆಗೂ ಬಂದಿದೆ ನೋಡಿ.

ನಮ್ಮ ದೇಶದಲ್ಲಿ 1985ರಿಂದ ಸರಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ದಡಾರದ ಲಸಿಕೆ ಇದೆ. 2010ರಿಂದ ಎರಡನೆಯ ಡೋಸ್ ಸೇರಿತು. ಈಗ ದಡಾರ ಮತ್ತು ರುಬೆಲ್ಲಾ ಎರಡಕ್ಕೂ ಸೇರಿ ಒಂದೇ ಚುಚ್ಚುಮದ್ದು: ಮೊದಲನೆಯದು 9 ತಿಂಗಳು ತುಂಬಿದಾಗ, ಎರಡನೆಯದು 16ರಿಂದ 24 ತಿಂಗಳೊಳಗೆ. ಒಂಬತ್ತು ತಿಂಗಳವರೆಗೆ ಯಾಕೆ ಕಾಯಬೇಕು? ತಾಯಿಯ ರಕ್ತದಿಂದ ಬಂದ ಪ್ರತಿಕಾಯಗಳು ಮೊದಲ ಕೆಲವು ತಿಂಗಳು ಮಗುವನ್ನು ಕಾಯುತ್ತವೆ. ಅವು ಇರುವಾಗ ಚುಚ್ಚಿದರೆ ಲಸಿಕೆಯ ವೈರಸ್ಸನ್ನೂ ಅವು ಕೆಲಸ ಮಾಡಲು ಬಿಡುವುದಿಲ್ಲ. ಹಾಗಾಗಿ ಕಾಯುತ್ತೇವೆ. ಆದರೆ ತಾಯಿ ಕೊಟ್ಟ ರಕ್ಷಣೆ ಕರಗಿ ಲಸಿಕೆ ಇನ್ನೂ ಸಿಗದ ಒಂದು ಸಂದು ನಡುವೆ ಉಳಿಯುತ್ತದೆ. ನನ್ನ ಕಥೆಯ ಏಳು ತಿಂಗಳ ಮಗು ಇದ್ದದ್ದು ಆ ಸಂದಿನಲ್ಲೇ. ನಿಮ್ಮ ಮನೆಯ ತೊಟ್ಟಿಲಲ್ಲಿ ಮಗುವಿದ್ದರೆ ಅದೂ ಅದೇ ಸಂದಿನಲ್ಲಿರಬಹುದು. ಮಣಿಪಾಲಕ್ಕೆ ಕ್ಯಾನ್ಸರ್ ಚಿಕಿತ್ಸೆಗಾಗಿ ಬರುವ ಮಕ್ಕಳಿಗೂ ಹೀಗೆಯೇ ಕಷ್ಟ. ಚಿಕಿತ್ಸೆ ನಡೆಯುವಾಗ ಅವರಿಗೆ ಈ ಲಸಿಕೆ ಕೊಡುವಂತಿಲ್ಲ. ಇವರನ್ನೆಲ್ಲ ಕಾಯುವುದು ಸುತ್ತಲಿನ ನಮ್ಮ ನಿಮ್ಮ ತೋಳಿನ ಚುಚ್ಚುಮದ್ದು.

ಒಂದು ಸಣ್ಣ ಗಣಿತ ಮಾಡಿ ನೋಡಿ. ಒಬ್ಬ ರೋಗಿ 18 ಜನರಿಗೆ ಹರಡಬಲ್ಲ ಎಂದು ಇಟ್ಟುಕೊಳ್ಳಿ. ಆ 18ರಲ್ಲಿ 17 ಮಂದಿಗೆ ರಕ್ಷಣೆ ಇದ್ದರೆ ರೋಗ ಒಬ್ಬನಿಗೆ ಮಾತ್ರ ಹೋಗುತ್ತದೆ, ಬೆಳೆಯುವುದಿಲ್ಲ. 18ರಲ್ಲಿ 17 ಅಂದರೆ ಶೇಕಡಾ ಎಷ್ಟು? 94ಕ್ಕಿಂತ ಸ್ವಲ್ಪ ಹೆಚ್ಚು. ‘ನೂರಕ್ಕೆ 95 ಮಕ್ಕಳಿಗೆ ಎರಡೂ ಡೋಸ್ ಆಗಬೇಕು’ ಎಂದು ಆರೋಗ್ಯ ಇಲಾಖೆಯವರು ಹೇಳುವುದು ಈ ಲೆಕ್ಕದಿಂದಲೇ. ನೂರಕ್ಕೆ ಎಂಬತ್ತಾದರೆ ‘ಪ್ರಥಮ ದರ್ಜೆ’ ಎಂದು ಪರೀಕ್ಷೆಯಲ್ಲಿ ಸಂತೋಷಪಡಬಹುದು. ದಡಾರದ ಎದುರು ಎಂಬತ್ತು ಅಂಕವೆಂದರೆ ನಪಾಸು.

2017ರ ಫೆಬ್ರವರಿ 5ರಂದು ದೇಶದ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ. ಮೊದಲ ಹಂತದಲ್ಲಿ ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪಗಳಲ್ಲಿ 9 ತಿಂಗಳಿಂದ 15 ವರ್ಷದೊಳಗಿನ ಎಲ್ಲ ಮಕ್ಕಳಿಗೆ ಲಸಿಕೆ ಹಾಕುವುದೆಂದು ತೀರ್ಮಾನವಾಗಿತ್ತು. ನೀವು ಆಗ ಅಂಗನವಾಡಿಯ ಪುಟಾಣಿಗಳು. ನಾನು ಶಾಲೆಯಿಂದ ಶಾಲೆಗೆ ಓಡಾಡುತ್ತಿದ್ದೆ. ಆ ದಿನಗಳಲ್ಲಿ ಮೊಬೈಲುಗಳಲ್ಲಿ ಈ ಚುಚ್ಚುಮದ್ದಿನ ಬಗ್ಗೆ ಎಷ್ಟೋ ಸುಳ್ಳು ಸಂದೇಶಗಳು ಹರಿದಾಡಿದವು. ಕೆಲವು ಪೋಷಕರು ಹೆದರಿ ಮಕ್ಕಳನ್ನು ಆ ದಿನ ಶಾಲೆಗೇ ಕಳುಹಿಸಲಿಲ್ಲ. ಅವರನ್ನು ನಾನು ದೂರುವುದಿಲ್ಲ. ಆದರೆ ಸಂದೇಶ ಕಳುಹಿಸಿದವರು ಯಾರು, ಅವರಿಗೆ ಹೇಗೆ ಗೊತ್ತು ಎಂದು ಕೇಳುವ ಬುದ್ಧಿ ವಿಜ್ಞಾನ ಓದುವ ನಿಮಗಾದರೂ ಬರಬೇಕು. ಚುಚ್ಚಿದ ತೋಳು ಒಂದೆರಡು ದಿನ ನೋಯಬಹುದು, ಒಂದು ವಾರದ ಬಳಿಕ ಕೆಲವರಿಗೆ ಸಣ್ಣ ಜ್ವರ ಬರಬಹುದು. ದಡಾರ ರೋಗವೇ ಬಂದರೆ? ಭೇದಿ, ಕಿವಿ ಸೋರುವುದು, ನ್ಯುಮೋನಿಯಾ, ಎ ವಿಟಮಿನ್ ಕೊರತೆ ಇರುವ ಮಕ್ಕಳಲ್ಲಿ ಕುರುಡು, ಅಪರೂಪಕ್ಕೆ ಮಿದುಳಿನ ಬಾವು. ಅಷ್ಟು ಸಾಲದೆಂದು ಈ ವೈರಸ್ ನಮ್ಮ ರೋಗನಿರೋಧಕ ವ್ಯವಸ್ಥೆಯ ನೆನಪನ್ನೇ ಅಳಿಸುತ್ತದೆ. ಮೊದಲು ಬೇರೆ ರೋಗಾಣುಗಳ ವಿರುದ್ಧ ಗೆದ್ದು ಬರೆದಿಟ್ಟುಕೊಂಡ ಪಾಠವನ್ನು ದೇಹ ಮರೆತುಬಿಡುತ್ತದೆ ಎಂದು 2019ರಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿಸಿವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ದಡಾರದಿಂದ ಸತ್ತರು. ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು.

‘ನಮ್ಮ ಜಿಲ್ಲೆಯಲ್ಲಿ ಅದೆಲ್ಲಿ ಟೀಚರೇ?’ ಎಂದು ಹಲವರು ಕೇಳುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಮುಂಬೈಯ ಗೋವಂಡಿಯಲ್ಲಿ ದಡಾರ ಎದ್ದು ಹಲವು ಪುಟ್ಟ ಮಕ್ಕಳು ತೀರಿಕೊಂಡರು. ಅವರಲ್ಲಿ ಲಸಿಕೆ ಪೂರ್ತಿ ಆಗದವರೇ ಹೆಚ್ಚು. ಕೋವಿಡ್ ಕಾಲದಲ್ಲಿ ಲಸಿಕೆ ತಪ್ಪಿದ್ದೂ ಇದಕ್ಕೊಂದು ಕಾರಣ. ಅಲ್ಲಿಗೂ ಉಡುಪಿಗೂ ಎಷ್ಟು ದೂರ? ಗೋವಂಡಿಯ ಹತ್ತಿರವೇ ಇರುವ ಕುರ್ಲಾ ನಿಲ್ದಾಣದಲ್ಲಿ ಮಧ್ಯಾಹ್ನ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಹತ್ತಿದವರು ಮರುದಿನ ಬೆಳಗ್ಗೆ ಉಡುಪಿಯಲ್ಲಿ ಇಳಿಯುತ್ತಾರೆ. ನಮ್ಮ ಎಷ್ಟು ಮನೆಗಳಲ್ಲಿ ಮುಂಬೈಯ ಮಾವ, ಮುಂಬೈಯ ಅತ್ತೆ ಇಲ್ಲ ಹೇಳಿ? ಫಾರೋ ದ್ವೀಪಕ್ಕೆ ಬಂದ ಬಡಗಿಗೂ ಹಡಗಿನಿಂದ ಇಳಿಯುವಾಗ ಜ್ವರ ಇರಲಿಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಿ.

ಹಾಗೆಂದು ಬಂದವರನ್ನು ಸಂಶಯದಿಂದ ನೋಡಬೇಡಿ. ಕೆಲವರು ಕಟ್ಟಡ ಕೆಲಸಕ್ಕೆ ಬಂದು ಶೆಡ್‌ಗಳಲ್ಲಿರುವ ಉತ್ತರ ಕರ್ನಾಟಕದ ಕುಟುಂಬಗಳನ್ನು, ಮಲ್ಪೆ ಬಂದರಿನಲ್ಲಿ ದುಡಿಯುವ ಹೊರರಾಜ್ಯದವರನ್ನು ‘ರೋಗ ತರುವವರು’ ಎಂದು ಹೇಳುವುದನ್ನು ಕೇಳಿದ್ದೇನೆ. ಕೇಳಿ ಬೇಸರವಾಗಿದೆ. ಆರು ತಿಂಗಳಿಗೊಮ್ಮೆ ಊರು ಬದಲಿಸುವ ಮಗುವಿಗೆ ಎರಡನೆಯ ಡೋಸ್ ತಪ್ಪಿಹೋದರೆ ಅದು ಆ ಮಗುವಿನ ತಪ್ಪೇ? ನಿಮ್ಮ ಬೆಂಚಿನಲ್ಲಿ ಅಂಥ ಗೆಳೆಯನಿದ್ದರೆ ಅವನ ಮನೆಯ ಹತ್ತಿರ ಯಾವ ವಾರ ಲಸಿಕೆ ಹಾಕುತ್ತಾರೆ ಎಂದು ಅಂಗನವಾಡಿ ಟೀಚರನ್ನು ಕೇಳಿ ತಿಳಿಸಿ. ಅಷ್ಟು ಮಾಡಿದರೆ ಸಾಕು.

ಈಗ ಅಜ್ಜಿಯ ವಿಷಯ. ಅಜ್ಜಿಯಂದಿರು ದಡಾರ ಬಂದ ಮಗುವನ್ನು ಒಂದು ಕೋಣೆಯಲ್ಲಿ ಮಲಗಿಸಿ, ಕಹಿಬೇವಿನ ಸೊಪ್ಪು ಹಾಸಿ, ಬಾಗಿಲಿಗೂ ಒಂದು ಗೊಂಚಲು ಸಿಕ್ಕಿಸುತ್ತಿದ್ದರು. ಕಹಿಬೇವು ವೈರಸ್ಸನ್ನು ಕೊಲ್ಲುವುದಿಲ್ಲ. ಆದರೆ ಬಾಗಿಲಿನ ಆ ಗೊಂಚಲು ಏನು ಮಾಡುತ್ತಿತ್ತು ಯೋಚಿಸಿ. ‘ಈ ಮನೆಯಲ್ಲಿ ಅಮ್ಮ ಬಂದಿದೆ, ಮಕ್ಕಳನ್ನು ಕರೆತರಬೇಡಿ’ ಎಂದು ದಾರಿಯಲ್ಲಿ ಹೋಗುವವರಿಗೆಲ್ಲ ಹೇಳುತ್ತಿತ್ತು! ಅದು ಒಂದು ನೋಟೀಸು. ಮಗುವನ್ನು ಹೊರಗೆ ಬಿಡುತ್ತಿರಲಿಲ್ಲ, ಶಾಲೆಗೂ ಕಳುಹಿಸುತ್ತಿರಲಿಲ್ಲ. ಈಗ ನಾವು ಗೊಂಚಲನ್ನು ಬಿಟ್ಟೆವು, ಒಳ್ಳೆಯದು. ಅದರ ಜತೆಗೆ ಊರಿಗೆ ಹೇಳುವುದನ್ನೂ ಬಿಟ್ಟೆವು. ಜ್ವರದ ಮಾತ್ರೆ ನುಂಗಿಸಿ, ಮೈ ತಣ್ಣಗಾದ ಮೇಲೆ ಬಸ್ಸು ಹತ್ತಿಸುತ್ತೇವೆ. ಮಾತ್ರೆಯಿಂದ ಜ್ವರ ಇಳಿಯುತ್ತದೆ, ವೈರಸ್ ಇಳಿಯುವುದಿಲ್ಲ. ಈ ಒಂದು ವಿಷಯದಲ್ಲಿ ಅಜ್ಜಿ ನಮಗಿಂತ ವೈಜ್ಞಾನಿಕವಾಗಿ ನಡೆದುಕೊಂಡಳು ಎಂದೇ ನನ್ನ ಅಭಿಪ್ರಾಯ.

ಕಾಪುವಿನ ಮಾರಿಗುಡಿಗಳಲ್ಲಿ ಸುಗ್ಗಿ ಮಾರಿಪೂಜೆ ನಡೆಯುವುದು ಮಾರ್ಚ್ ತಿಂಗಳ ಹೊತ್ತಿಗೆ. ಕಾರ್ಕಳದ ಅತ್ತೂರು ಇಗರ್ಜಿಯ ಜಾತ್ರೆ ಜನವರಿಯಲ್ಲಿ. ನಮ್ಮ ದೇಶದಲ್ಲಿ ದಡಾರ ಹೆಚ್ಚಾಗಿ ಏಳುವುದೂ ಚಳಿಗಾಲದ ಕೊನೆಯಿಂದ ಬೇಸಗೆಯ ಆರಂಭದ ವರೆಗೆ. ಜಾತ್ರೆ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ, ನನಗೂ ಜಾತ್ರೆಯ ಚರುಮುರಿ ಇಷ್ಟವೇ. ಜ್ವರ ಮತ್ತು ಕೆಂಪು ಕಣ್ಣು ಇರುವ ಮಗು ಆ ದಿನ ಮನೆಯಲ್ಲಿರಲಿ ಎಂದಷ್ಟೇ ನನ್ನ ಮಾತು.

ನಿಮ್ಮ ತರಗತಿಯಲ್ಲೋ, ನೀವು ಹೋದ ಮದುವೆಯಲ್ಲೋ, ಬಸ್ಸಿನಲ್ಲೋ ದಡಾರದ ರೋಗಿ ಇದ್ದರೆಂದು ಒಂದು ದಿನ ತಿಳಿಯುತ್ತದೆ ಎಂದಿಟ್ಟುಕೊಳ್ಳಿ. ಏನು ಮಾಡುತ್ತೀರಿ? ಹೆದರಿ ಓಡಬೇಕಾಗಿಲ್ಲ. ಅವರು ಅಲ್ಲಿ ಯಾವ ದಿನ, ಯಾವ ಹೊತ್ತಿಗೆ ಇದ್ದರು, ನೀವು ಎಷ್ಟು ಹೊತ್ತಿಗೆ ಇದ್ದಿರಿ ಎಂಬುದನ್ನು ಬರೆದಿಡಿ. ಅವರು ಹೋದ ಎರಡು ಗಂಟೆಯೊಳಗೆ ನೀವು ಅಲ್ಲಿ ಹೊಕ್ಕಿದ್ದರೂ ಲೆಕ್ಕಕ್ಕೆ ಸೇರಿಸಿ. ಅದೇ ದಿನ ಮನೆಯಲ್ಲಿ ಹೇಳಿ, ತಾಯಿ ಕಾರ್ಡ್ ತೆಗೆಸಿ ಎರಡೂ ಡೋಸ್ ಆಗಿದೆಯೇ ನೋಡಿ. ಆಗಿದ್ದರೆ ನಿಮಗೆ ರೋಗ ಬರುವ ಸಂಭವ ತೀರಾ ಕಡಿಮೆ. ಆಗಿಲ್ಲದಿದ್ದರೆ ಅಥವಾ ಗೊತ್ತಿಲ್ಲದಿದ್ದರೆ ಅದೇ ದಿನ ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಅದೇ ದಿನ ಎಂದು ಯಾಕೆ ಒತ್ತಿ ಹೇಳುತ್ತೇನೆಂದರೆ, ವೈರಸ್ ತಾಗಿದ 72 ಗಂಟೆಗಳೊಳಗೆ, ಅಂದರೆ ಮೂರು ದಿನದೊಳಗೆ, ಲಸಿಕೆ ಹಾಕಿದರೆ ಅದು ರೋಗವನ್ನು ತಡೆಯಬಹುದು, ಇಲ್ಲವೇ ಹಗುರ ಮಾಡಬಹುದು. ಲಸಿಕೆ ಹಾಕಲಾಗದ ಪುಟ್ಟ ಮಗುವಿಗೆ, ಗರ್ಭಿಣಿಗೆ ಆರು ದಿನದೊಳಗಾದರೆ ಪ್ರತಿಕಾಯಗಳ ಇಂಜೆಕ್ಷನ್ ಎಂಬ ಇನ್ನೊಂದು ದಾರಿ ಇದೆ. ಅದನ್ನು ವೈದ್ಯರು ತೀರ್ಮಾನಿಸುತ್ತಾರೆ. 2008ರ ಆ ಗುರುವಾರವೇ ಹುಡುಗನ ಮನೆಯವರು ‘ದಡಾರ’ ಎಂದು ಹೇಳಿದ್ದರೆ ನಾನು ಶುಕ್ರವಾರ ಆ ತಾಯಿಯನ್ನು ಹುಡುಕಿಕೊಂಡು ಹೋಗಬಹುದಿತ್ತು. ಬುಧವಾರದಿಂದ ಶುಕ್ರವಾರಕ್ಕೆ ಎರಡೇ ದಿನ. ‘ಹೊಟ್ಟೆನೋವು’ ಎಂಬ ಒಂದು ಮಾತಿಗೆ ನಾವು ಆ ದಿನಗಳನ್ನು ಕಳೆದುಕೊಂಡೆವು.

ಮುಂದಿನ ಮೂರು ವಾರ ಜ್ವರ, ಕೆಮ್ಮು, ಕೆಂಪು ಕಣ್ಣಿನ ಮೇಲೆ ನಿಗಾ ಇರಲಿ. ಕಂಡರೆ ಶಾಲೆಗೆ ಹೋಗಬೇಡಿ, ಮನೆಯಲ್ಲಿ ಬೇರೆ ಕೋಣೆಯಲ್ಲಿರಿ, ಕಿಟಕಿ ತೆರೆದಿಡಿ. ಆಸ್ಪತ್ರೆಗೆ ಹೋಗುವ ಮೊದಲು ಫೋನ್ ಮಾಡಿ ‘ದಡಾರದ ಸಂಶಯ ಇದೆ’ ಎಂದು ಹೇಳಿಸಿ. ನೇರ ಹೋಗಿ ಚೀಟಿ ಮಾಡಿಸುವ ಸಾಲಿನಲ್ಲಿ ನಿಂತರೆ ಅಲ್ಲಿ ಎಷ್ಟು ಕೈಗೂಸುಗಳಿರುತ್ತವೆ ಯೋಚಿಸಿ. ಮೊದಲೇ ಹೇಳಿದರೆ ನಿಮ್ಮನ್ನು ಹೊರಗಿನ ಜಗಲಿಯಲ್ಲಿ ಕೂರಿಸಿ ಬೇಗ ನೋಡುತ್ತಾರೆ. ದಡಾರ ಎಂದಾದರೆ ಎ ವಿಟಮಿನ್ ಎರಡು ದಿನ ಕೊಡುತ್ತಾರೆ, ಕಣ್ಣುಗಳ ರಕ್ಷಣೆಗೆ ಅದು ಬಹಳ ಮುಖ್ಯ. ಪಥ್ಯವೆಂದು ಮಗುವನ್ನು ಉಪವಾಸ ಕೆಡವುವುದು ಬೇಡ. ಗಂಜಿ, ಎಳನೀರು, ಹಣ್ಣು ಏನು ತಿನ್ನುತ್ತದೋ ಕೊಡಲಿ. ಉಸಿರು ವೇಗವಾದರೆ, ಮಗು ಮಂಕಾದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ದದ್ದು ಎದ್ದ ದಿನ ಬಿಟ್ಟು ಮತ್ತೆ ನಾಲ್ಕು ದಿನ ಪೂರ್ತಿ ಕಳೆದು, ಮೈಗೆ ಹುಷಾರಾದ ಮೇಲೆಯೇ ಶಾಲೆ.

ಇನ್ನು ನಿಮಗೂ ನಿಮ್ಮ ಶಿಕ್ಷಕರಿಗೂ ನನ್ನ ಎರಡು ಬೇಡಿಕೆಗಳಿವೆ. ದಡಾರ ಬಂದು ಗುಣವಾಗಿ ಮರಳಿ ಬಂದ ಗೆಳೆಯನನ್ನು ಯಾರೂ ಹಂಗಿಸಬಾರದು, ಅಡ್ಡ ಹೆಸರು ಇಡಬಾರದು. ನಾಲ್ಕು ದಿನ ಕಳೆದ ಮೇಲೆ ಅವನಿಂದ ರೋಗ ಅಂಟುವುದಿಲ್ಲ. ಅವನ ಪಕ್ಕದಲ್ಲೇ ಕೂತು ಊಟ ಮಾಡಿ. ಹಂಗಿಸುತ್ತಾರೆಂಬ ಹೆದರಿಕೆಯಿಂದಲೇ ಜನ ರೋಗವನ್ನು ಬಚ್ಚಿಡುವುದು. ಶಾಲೆಯವರು ಊರಿಗೆ ತಿಳಿಸುವಾಗಲೂ ‘ಆರನೆಯ ತರಗತಿಯ ಕೋಣೆಯಲ್ಲಿ ಇಂಥ ಮೂರು ದಿನ ದಡಾರದ ಸಂಪರ್ಕವಿತ್ತು’ ಎಂದರೆ ಸಾಕು, ಮಗುವಿನ ಹೆಸರು ಬೇಕಾಗಿಲ್ಲ.

ಮತ್ತೊಂದು, ಆ ಹಾಜರಾತಿ ಬಹುಮಾನ. ಅದನ್ನು ನಿಲ್ಲಿಸಿ ಎಂದರೆ ನೀವು ಒಪ್ಪಲಿಕ್ಕಿಲ್ಲ. ಹಾಗಾದರೆ ಜ್ವರದಿಂದ ಮನೆಯಲ್ಲಿ ಉಳಿದ ದಿನಗಳನ್ನು ಗೈರುಹಾಜರಿ ಎಂದು ಎಣಿಸದೆ ಬಹುಮಾನ ಕೊಡಲಿ. ಮಕ್ಕಳ ಸಂಸತ್ತಿನಲ್ಲಿ ನೀವೇ ಈ ವಿಷಯ ಎತ್ತಿ, ಮುಖ್ಯೋಪಾಧ್ಯಾಯರಿಗೆ ಒಂದು ಮನವಿ ಬರೆದು ಕೊಡಿ. ನನ್ನ ಹಳೆಯ ಶಾಲೆಯಲ್ಲಿ ಇದನ್ನು ಒಪ್ಪಿಸಲು ನನಗೆ ಎರಡು ವರ್ಷ ಹಿಡಿಯಿತು. ಅಲ್ಲಿ ಆ ಬಹುಮಾನ ಮೊದಲು ಪಡೆದ ಹುಡುಗಿ ಯಾರು ಗೊತ್ತೇ? ಆ ಏಳು ತಿಂಗಳ ಮಗುವಿನ ಅಕ್ಕ.

ಇವತ್ತು ಮನೆಗೆ ಹೋದ ಮೇಲೆ ತಾಯಿ ಕಾರ್ಡ್ ಕೇಳಿ ನೋಡಿ, ನಿಮ್ಮದೂ ತಮ್ಮ ತಂಗಿಯರದೂ. ದಡಾರದ ಎದುರು ಎರಡು ದಿನಾಂಕ ಇರಬೇಕು. ಕಾರ್ಡ್ ಕಳೆದು ಹೋಗಿದ್ದರೆ ಅಂಗನವಾಡಿಯಲ್ಲಿ ಅಥವಾ ಉಪಕೇಂದ್ರದ ಸಿಸ್ಟರ್ ಬಳಿ ವಿಚಾರಿಸಿ. ಹಳೆಯ ರಿಜಿಸ್ಟರಿನಲ್ಲಿ ನಿಮ್ಮ ಹೆಸರು ಸಿಗಬಹುದು.